ಮೊದಲು ಬರುವುದು ಸಿಟ್ಟಲ್ಲ
ಗುಂಪಿನಿಂದ ಹೊರಗುಳಿದವರು ಸಿಡುಕರಾಗುತ್ತಾರೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಅದು ಅರ್ಧ ಸತ್ಯ. ನಾನು ಕಂಡಂತೆ ಮೊದಲು ಬರುವುದು ಸಿಟ್ಟಲ್ಲ, ಓಲೈಕೆ. ಹಿಂದಿನ ಕಚೇರಿಯಲ್ಲಿ ನನ್ನೊಬ್ಬನನ್ನು ಬಿಟ್ಟು ಇನ್ನೊಂದು ವಾಟ್ಸ್‌ಆ್ಯಪ್ ಗುಂಪು ನಡೆಯುತ್ತಿದೆ ಎಂದು ಗೊತ್ತಾದಾಗ ನಾನು ಮಾಡಿದ್ದೇನು? ಜಗಳವಾಡಲಿಲ್ಲ. ಸಪ್ಪೆ ಜೋಕಿಗೂ ಎಲ್ಲರಿಗಿಂತ ಜೋರಾಗಿ ನಕ್ಕೆ. ಯಾರೂ ಕೇಳದಿದ್ದರೂ ಅವರ ವರದಿಗಳನ್ನು ಕುಳಿತು ತಿದ್ದಿಕೊಟ್ಟೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಸಿಟ್ಟು ಬಂದದ್ದು ತಿಂಗಳಾದ ಮೇಲೆ, ಅದೂ ಏನೂ ತಪ್ಪು ಮಾಡದ ಮನೆಯವರ ಮೇಲೆ.

ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಅವರ ‘ಸೈಬರ್‌ಬಾಲ್’ ಪ್ರಯೋಗವನ್ನು ಲೇಖಕರು ಪ್ರಸ್ತಾಪಿಸಬೇಕಿತ್ತು. ಪರದೆಯ ಮೇಲೆ ಮೂವರ ಚೆಂಡಾಟ. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ನಿಮಗೆ ಚೆಂಡು ಎಸೆಯುವುದನ್ನೇ ನಿಲ್ಲಿಸುತ್ತಾರೆ. ಆಟ ಕೆಲವೇ ನಿಮಿಷದ್ದು, ಆಡುವವರು ಅಪರಿಚಿತರು, ಆದರೂ ಮನಸ್ಸು ಮುದುಡುತ್ತದೆ. ಎದುರಿಗಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿಸಿದರೂ ಜನ ನೊಂದುಕೊಂಡರು ಎಂದು 2004ರಲ್ಲಿ ವಿಲಿಯಮ್ಸ್ ಅವರೂ ಸಹೋದ್ಯೋಗಿಗಳೂ ವರದಿ ಮಾಡಿದರು. ‘ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತೀರಾ’ ಎಂದು ಆ ಲೇಖನಕ್ಕೆ ಪ್ರತಿಕ್ರಿಯಿಸಿರುವವರು ಆ ಆಟವನ್ನೊಮ್ಮೆ ಆಡಿ ನೋಡಲಿ.