ತರಬೇತಿಯಿಂದ ವಾಸಿಯಾಗದ ಕಾಯಿಲೆಗಳು

ಹನ್ನೊಂದು ವರ್ಷ ತರಬೇತಿ ವಿಭಾಗದಲ್ಲಿ ದುಡಿದವನು ನಾನು. ಆ ದಿನಗಳ ಒಂದು ಮಧ್ಯಾಹ್ನ ಇಂದಿಗೂ ಕಣ್ಣ ಮುಂದಿದೆ. ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ವಿಭಾಗದವರಿಗೆ ಒತ್ತಡ ನಿರ್ವಹಣೆಯ ತರಬೇತಿ. ಇಪ್ಪತ್ತೆರಡು ಮಂದಿ ಕಣ್ಣು ಮುಚ್ಚಿ, ನಾನು ಹೇಳಿದಂತೆ ನಿಧಾನವಾಗಿ ಉಸಿರೆಳೆದು ಬಿಡುತ್ತಿದ್ದರು. ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಎದ್ದು ನಿಂತು ಕೇಳಿದರು: "ಸರ್, ಈ ಎರಡು ಗಂಟೆಯಲ್ಲಿ ಉಳಿದ ಕೆಲಸವನ್ನು ಸಂಜೆ ಕೂತು ಮುಗಿಸಬೇಕೇ?"

ಮುಗಿಸಲೇಬೇಕಿತ್ತು. ಆ ದಿನದ ಟಾರ್ಗೆಟ್ಟನ್ನು ಯಾರೂ ಇಳಿಸಿರಲಿಲ್ಲ. ಇಬ್ಬರು ಕೆಲಸ ಬಿಟ್ಟು ತಿಂಗಳುಗಳಾಗಿದ್ದವು, ಆ ಜಾಗಗಳು ಖಾಲಿಯೇ ಇದ್ದವು. ಆದರೂ ಫೀಡ್‌ಬ್ಯಾಕ್ ಫಾರಂನಲ್ಲಿ ಆಕೆ ಎಲ್ಲ ಪ್ರಶ್ನೆಗಳಿಗೂ ಐದಕ್ಕೆ ಐದು ಅಂಕ ಕೊಟ್ಟಿದ್ದರು. ಫಾರಂನ ಮೇಲ್ಭಾಗದಲ್ಲಿ ಉದ್ಯೋಗಿ ಸಂಖ್ಯೆ ಬರೆಯಬೇಕಿತ್ತಲ್ಲ!

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದರು: ಬಂದವರಿಗೆ ಹಿಡಿಸಿತೇ, ಕಲಿತರೇ, ನಡವಳಿಕೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ನಾವು ಮೊದಲನೆಯದನ್ನು ದಾಟಿದ್ದೇ ಅಪರೂಪ. ನಾಲ್ಕನ್ನೂ ದಾಟಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಕೊರತೆ ಇದ್ದದ್ದು ಈ ಮನುಷ್ಯರಲ್ಲಿಯೋ, ಅವರಿಗೆ ಒಪ್ಪಿಸಿದ ಕೆಲಸದ ಏರ್ಪಾಟಿನಲ್ಲಿಯೋ? ಮಾನವ ಸಂಪನ್ಮೂಲ ಅಭಿವೃದ್ಧಿಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಸಿಬ್ಬಂದಿ ಸಾಲದೆ ಹುಟ್ಟಿದ ಆಯಾಸವನ್ನು ಉದ್ಯೋಗಿಯ ಕೌಶಲದ ಕೊರತೆ ಎಂದು ಹೆಸರಿಸಿ, ಮದ್ದನ್ನು ಆಕೆಗೇ ಕುಡಿಸುತ್ತೇವೆ.

ಮನುಷ್ಯರನ್ನು ಸಂಪನ್ಮೂಲವೆಂದು ಕರೆಯುವ ಈ ಪದಗಳ ಹಿಂದಿನ ಕಥೆಯನ್ನೂ ಸ್ವಲ್ಪ ನೋಡಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಜ್ 1960ರ ಡಿಸೆಂಬರ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ, ಶಿಕ್ಷಣ ಮತ್ತು ಆರೋಗ್ಯದ ಖರ್ಚನ್ನು ಮನುಷ್ಯರ ಮೇಲಿನ ಹೂಡಿಕೆಯೆಂದು ನೋಡಬೇಕು ಎಂದು ವಾದಿಸಿದರು. ಜನರನ್ನು ಸಂಪತ್ತೆಂದು ಎಣಿಸಬಾರದು, ಸಂಪತ್ತು ಇರುವುದೇ ಜನರಿಗಾಗಿ ಎಂಬ, ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಅವರ ಮಾತನ್ನು ಶುಲ್ಟ್ಜ್ ಅವರೇ ಎತ್ತಿ, ಅದನ್ನು ಒಪ್ಪದೆ ಮುಂದೆ ಸಾಗಿದರು. ತನ್ನ ಮೇಲೆ ತಾನೇ ಹೂಡುವವನ ಆಯ್ಕೆಗಳು ಹಿಗ್ಗುತ್ತವೆ ಎಂಬುದು ಅವರ ಸಮರ್ಥನೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಓದಿನಿಂದಲೇ ಬದುಕು ಕಟ್ಟಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಹೂಡಿಕೆ ಎಂದ ಮೇಲೆ ಲಾಭದ ಲೆಕ್ಕ ಬರೆಯುವವರೊಬ್ಬರು ಇರುತ್ತಾರೆ. ಕಚೇರಿಯಲ್ಲಿ ಆ ಪುಸ್ತಕ ಉದ್ಯೋಗಿಯ ಕೈಯಲ್ಲಿರುವುದಿಲ್ಲ. ಮಿಲ್ ಅವರ ಮಾತೇ ನನಗೆ ಹೆಚ್ಚು ಸರಿ ಎನಿಸುತ್ತದೆ.

ಶಿಕ್ಷಣದಲ್ಲಿ ಇದು ಇನ್ನಷ್ಟು ನೋಯಿಸುತ್ತದೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗೆಳತಿಯೊಬ್ಬಳು ಪ್ರತಿ ಪಾಠಕ್ಕೂ, ವಿದ್ಯಾರ್ಥಿಗಳು ಏನು ಕಲಿತರೆಂದು ದಾಖಲಿಸುವ ಕಲಿಕಾ ಫಲಗಳ ಕೋಷ್ಟಕ ತುಂಬುತ್ತಾಳೆ. ಒಮ್ಮೆ ಒಬ್ಬ ಹುಡುಗ, ಬರಗಾಲದಲ್ಲಿ ಸತ್ತವರ ಹೆಸರುಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳಿದನಂತೆ. ಇಡೀ ತರಗತಿ ಅದೇ ಮಾತಿನಲ್ಲಿ ಮುಳುಗಿತು. ಆ ವರ್ಷದ ಅತ್ಯುತ್ತಮ ಪಾಠ ಅದು ಎನ್ನುತ್ತಾಳೆ. ರಾತ್ರಿ ಕೋಷ್ಟಕ ತೆರೆದರೆ ಅದನ್ನು ಬರೆಯಲು ಮನೆಯೇ ಇಲ್ಲ! ಉದ್ಯೋಗಕ್ಕೆ ಬೇಕಾದ ಕೌಶಲಗಳಿಗೆ ಮಾತ್ರ ನಾಲ್ಕು ಮನೆಗಳಿದ್ದವು.

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ, ಶಿಕ್ಷಕ ಹಣ ಕಟ್ಟುವವನಂತೆಯೂ ವಿದ್ಯಾರ್ಥಿ ಬರಿದಾದ ಖಾತೆಯಂತೆಯೂ ಆಗುವ ಕಲಿಕೆಯನ್ನು ಕಟುವಾಗಿ ಟೀಕಿಸಿದ್ದರು. ಈಗ ವಿದ್ಯಾರ್ಥಿಯನ್ನೇ ಠೇವಣಿಯಾಗಿ ಮಾಡಿ, ಮುಂದೆ ಅವನನ್ನು ನೇಮಿಸಿಕೊಳ್ಳುವವರ ಹೆಸರಿಗೆ ಇಡುತ್ತಿದ್ದೇವೆ.

ತರಬೇತಿ ಬೇಡ ಎನ್ನುತ್ತಿಲ್ಲ. ಹೊಸ ಯಂತ್ರ ಬಂದರೆ ಕಲಿಸಲೇಬೇಕು, ಅದನ್ನು ಚೆನ್ನಾಗಿ ಕಲಿಸುವವರ ಬಗ್ಗೆ ನನಗೆ ಗೌರವವಿದೆ. ಈ ವಿಭಾಗಗಳಲ್ಲಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ತರಬೇತಿಯ ದಿನಾಂಕ ಗೊತ್ತುಮಾಡುವ ಮೊದಲು, ಕೆಲಸದಲ್ಲಿ ಏನು ಬದಲಾಗಬೇಕೆಂದು ಆ ಕೆಲಸ ಮಾಡುವವರಿಂದಲೇ ಬರೆಸಿಕೊಳ್ಳಿ. ಹಾಳೆಯ ಮೇಲೆ ಉದ್ಯೋಗಿ ಸಂಖ್ಯೆ ಕೇಳಬೇಡಿ. ಅದನ್ನು ಮೇಲಧಿಕಾರಿಗಳ ಮುಂದಿಟ್ಟು, ಯಾವ ದಿನದೊಳಗೆ ಉತ್ತರ ಕೊಡುತ್ತೀರಿ ಎಂದು ಕೇಳಿ. ಆ ಮಧ್ಯಾಹ್ನ ನಾನು ಇದನ್ನು ಮಾಡಲಿಲ್ಲ. ಆರು ತಿಂಗಳ ನಂತರ ಆಕೆ ಕೆಲಸ ಬಿಟ್ಟು ಹೋದರು.