“ಸ್ವಲ್ಪ ಮಲಗಿ” ಅನ್ನಬೇಡಿ

ನಮ್ಮ ಮಾತಿನಲ್ಲಿ ತಲೆನೋವು ಅನ್ನೋ ಪದ ತೀರಾ ಅಗ್ಗವಾಗಿಬಿಟ್ಟಿದೆ. ನೆಟ್‌ವರ್ಕ್ ಸಿಗದಿದ್ದರೆ ತಲೆನೋವು, ಕಾಫಿ ಕುಯ್ಯೋಕೆ ಆಳು ಬರದಿದ್ದರೆ ತಲೆನೋವು, ಮಂಗಗಳು ಬಾಳೆಗೊನೆಗೆ ಬಂದರೆ ತಲೆನೋವು. ಹಾಗಾಗಿ “ಇವರಿಗೆ ತಲೆನೋವು, ಮದುವೆಗೆ ಬರೋಕಾಗಲ್ಲ” ಅಂತ ನಾನು ಫೋನಿನಲ್ಲಿ ಹೇಳಿದರೆ ಆ ಕಡೆ ಒಂದು ಕ್ಷಣ ಸದ್ದೇ ಇರಲ್ಲ. ಆಮೇಲೆ “ಓ... ಸರಿ ಸರಿ” ಅಂತಾರೆ. ಆ ಎರಡನೇ “ಸರಿ”ಯಲ್ಲಿ ಏನಿದೆ ಅಂತ ನನಗೆ ಗೊತ್ತು.

ಇವರಿಗೆ, ಅಂದರೆ ನನ್ನ ಯಜಮಾನರಿಗೆ ಇರೋದು ಕ್ಲಸ್ಟರ್ ತಲೆನೋವು, ಕೆಲವು ವಾರ ಬೆನ್ನುಬೆನ್ನಿಗೆ ಗುಂಪಾಗಿ ಬರೋ ನೋವು. ಸೋಮವಾರಪೇಟೆ ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ, ನಡುವೆ ಮೆಣಸು. ವರ್ಷದಲ್ಲಿ ಹತ್ತು ತಿಂಗಳು ಇವರು ಕಲ್ಲುಗುಂಡಿನ ಹಾಗಿರ್ತಾರೆ. ತುಲಾ ಸಂಕ್ರಮಣ ಬಂತು, ಜನ ತಲಕಾವೇರಿಗೆ ಹೊರಟರು ಅನ್ನೋ ಹೊತ್ತಿಗೆ ಶುರುವಾದರೆ ಹುತ್ತರಿ ಕಳೆಯೋವರೆಗೂ ಬಿಡಲ್ಲ. ರಾತ್ರಿ ಹತ್ತೂವರೆಗೆ ಮಲಗಿದರೆ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಎದ್ದು ಕೂರ್ತಾರೆ. ಗಡಿಯಾರ ನೋಡೋದೇ ಬೇಡ. ಬಲಗಣ್ಣಿನ ಹಿಂದೆ ಕಾದ ಸರಳು ತಿರುಗಿಸಿದ ಹಾಗೆ ಅಂತಾರೆ. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತೆ, ರೆಪ್ಪೆ ಇಳಿಬೀಳುತ್ತೆ, ಅದೇ ಬದಿಯ ಮೂಗು ಕಟ್ಟುತ್ತೆ. ಎಡಗಡೆ ಏನೂ ಇಲ್ಲ. ಅರ್ಧ ಮುಖ ಅಳ್ತಾ ಇರುತ್ತೆ, ಇನ್ನರ್ಧ ನೋಡ್ತಾ ಇರುತ್ತೆ. ಮುಕ್ಕಾಲು ಗಂಟೆ ಆದ ಮೇಲೆ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತೆ. ಒಂದೊಂದು ದಿನ ಬೆಳಗಿನ ಜಾವ ಮತ್ತೊಂದು ಸಲ.

ಇದಕ್ಕೊಂದು ಹೆಸರಿದೆ ಅಂತ ತಿಳಿಯೋಕೆ ನಮಗೆ ನಾಲ್ಕು ವರ್ಷ ಬೇಕಾಯಿತು. ಸೈನಸ್ ಅಂದರು, ಹಬೆ ತಗೊಂಡ್ವಿ. ಹಲ್ಲು ಅಂದರು, ಮೇಲಿನ ದವಡೆಯದೊಂದು ಕೀಳಿಸಿಕೊಂಡು ಬಂದರು. ಹಲ್ಲು ಹೋಯಿತು, ನೋವು ಮಾತ್ರ ಅವತ್ತೂ ಹನ್ನೆರಡೂ ಹತ್ತಕ್ಕೆ ಸರಿಯಾಗಿ ಬಂತು. ಕೊನೆಗೆ ಮೈಸೂರಿನ ನರರೋಗದ ಡಾಕ್ಟರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ನೋವು ಬಂದಾಗ ಮಲಗ್ತೀರೋ, ಓಡಾಡ್ತೀರೋ?” ಉತ್ತರ ಕೊಟ್ಟಿದ್ದು ನಾನು. “ಕಾಫಿ ಕಣದಲ್ಲಿ ಸುತ್ತು ಹೊಡೀತಾರೆ ಸರ್, ಕಂಬಕ್ಕೆ ಹಣೆ ಒತ್ತಿಕೊಂಡು ನಿಲ್ತಾರೆ.” ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಬೇರೇನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಎಂಆರ್‌ಐ ಮಾಡಿಸಿದರು. ಆದರೆ ಅವರಿಗೆ ಆ ಕ್ಷಣಕ್ಕೇ ತಿಳಿದಿತ್ತು ಅನ್ನಿಸುತ್ತೆ.

ಅರೆತಲೆನೋವು, ಅಂದರೆ ಮೈಗ್ರೇನ್ ಬಂದವರಿಗೆ ಕತ್ತಲು ಬೇಕು, ಅಲುಗಾಡಬಾರದು. ಇದು ಉಲ್ಟಾ, ಕೂರೋಕೂ ಬಿಡಲ್ಲ. ನಾನು ಮೊದಲೆರಡು ವರ್ಷ ಮಾಡಿದ ತಪ್ಪು ಇದೇ. “ರೀ, ಸ್ವಲ್ಪ ಮಲಗಿ, ತಲೆ ಒತ್ತುತೀನಿ” ಅಂತ ಹಿಂದೆ ಹಿಂದೆ ಹೋಗ್ತಿದ್ದೆ. ಒಂದು ರಾತ್ರಿ ಕೈ ಕೊಡವಿ “ಮುಟ್ಟಬೇಡ!” ಅಂತ ಕಿರುಚಿದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅಂಥ ದನಿ ನಾನು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತೆ. ಒಂದು ಗಂಟೆ ಆದ ಮೇಲೆ ಇವರೇ ಬಂದು ಪಕ್ಕದಲ್ಲಿ ಕೂತು, “ನೀನು ಮಾತಾಡಿದರೆ ನಾನು ಉತ್ತರ ಕೊಡಬೇಕಾಗುತ್ತೆ. ಆಗ ಅದಕ್ಕೂ ಶಕ್ತಿ ಇರಲ್ಲ” ಅಂದರು. ನನಗೆ ಅರ್ಥವಾಗಿದ್ದು ಅವತ್ತು. ನೋವಿರುವಾಗ ನನ್ನ ಮರುಕವೂ ಇವರ ತಲೆ ಮೇಲೆ ಇನ್ನೊಂದು ಮೂಟೆ. ನಾನು ನರ್ಸ್ ಆಗೋದು ಬೇಡ, ಪಂಪ್‌ಸೆಟ್ ರಿಪೇರಿಯವನ ಹುಡುಗನ ಹಾಗಿದ್ದರೆ ಸಾಕು. ಬಾಯಿ ಮುಚ್ಚಿಕೊಂಡು, ಸ್ಪಾನರ್ ಹಿಡಿದುಕೊಂಡು.

ಸ್ಪಾನರ್ ಅಂದಿದ್ದು ಸುಮ್ಮನೆ ಅಲ್ಲ. ನಮ್ಮ ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್ ಇದೆ, ಅದನ್ನು ತೆರೆಯೋಕೆ ಸ್ಪಾನರ್ ಬೇಕು. ಈ ನೋವಿಗೆ ಪ್ಯಾರಾಸಿಟಮಾಲ್ ಏನೂ ಮಾಡಲ್ಲ. ಹೊಟ್ಟೆಗೆ ಹೋದ ಮಾತ್ರೆ ಕೆಲಸ ಶುರುಮಾಡೋ ಹೊತ್ತಿಗೆ ನೋವು ತನ್ನ ಕೆಲಸ ಮುಗಿಸಿರುತ್ತೆ. ಬೇಗ ಹಿಡಿಯೋದು ಎರಡು: ಸುಮಾಟ್ರಿಪ್ಟಾನ್ ಇಂಜೆಕ್ಷನ್, ಇಲ್ಲವೇ ಶುದ್ಧ ಆಮ್ಲಜನಕ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ನಿಮಿಷಕ್ಕೆ 12 ಲೀಟರ್‌ನಂತೆ 15 ನಿಮಿಷ ಆಮ್ಲಜನಕ ಕೊಟ್ಟಾಗ ಶೇ. 78ರಷ್ಟು ಸಲ ನೋವು ಹತೋಟಿಗೆ ಬಂತು, ಬರೀ ಗಾಳಿ ಕೊಟ್ಟಾಗ ಶೇ. 20ರಷ್ಟು. ನಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಹಾಗೇ. ಐದರಲ್ಲಿ ನಾಲ್ಕು ರಾತ್ರಿ ಗೆಲ್ತೀವಿ. ಮೂಗಿಗೆ ಸಿಕ್ಕಿಸೋ ಸಣ್ಣ ನಳಿಗೆಯಿಂದ ಆಗಲ್ಲ, ಕೆಳಗೆ ಚೀಲ ನೇತಾಡೋ ಮಾಸ್ಕೇ ಬೇಕು. ಕೋವಿಡ್ ಕಾಲದಲ್ಲಿ ಜನ ಕೊಂಡರಲ್ಲ, ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡೋ ಕಾನ್ಸಂಟ್ರೇಟರ್ ಯಂತ್ರ, ಅದೂ ಸಾಲದು. ಅದಕ್ಕೆ ಕರೆಂಟ್ ಬೇರೆ ಬೇಕು, ನಮ್ಮೂರಿನ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ಇದೆಲ್ಲ ಡಾಕ್ಟರು ಬರೆದುಕೊಟ್ಟು, ಹೇಳಿಕೊಟ್ಟ ಮೇಲೆ ಮಾಡ್ತಿರೋದು. ನನ್ನ ಪೋಸ್ಟ್ ನೋಡಿ ಯಾರೂ ಸಿಲಿಂಡರ್ ತರಬೇಡಿ.

“ಆಸ್ಪತ್ರೆಗೆ ಹೋಗಬಾರದಾ?” ಅಂತ ಕೇಳೋರಿಗೆ: ಆನೆ ನಿಂತಿರೋ ರಸ್ತೆಯಲ್ಲಿ ಜೀಪ್ ಇಳಿಸಿಕೊಂಡು ಹೋಗಿ, ಚೀಟಿ ಮಾಡಿಸಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸೋ ಹೊತ್ತಿಗೆ ಇವರು ಬೆವರು ಒರೆಸಿಕೊಂಡು ಸರಿಯಾಗಿರ್ತಾರೆ. ಎರಡು ಸಲ ಹಾಗಾಗಿದೆ. “ಏನ್ರೀ, ಚೆನ್ನಾಗೇ ಇದ್ದೀರಲ್ಲ” ಅನ್ನಿಸಿಕೊಂಡು ವಾಪಸ್ ಬಂದಿದ್ದೀವಿ. ಈ ಕಾಯಿಲೆಗೆ ಚಿಕಿತ್ಸೆ ಮನೆಯಲ್ಲೇ ಇರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಅತ್ತೆಯವರ ವಿಷಯ ಹೇಳದಿದ್ದರೆ ಆಗಲ್ಲ. ಮಗನಿಗೆ ದೃಷ್ಟಿಯಾಗಿದೆ ಅಂತ ಅವರ ನಂಬಿಕೆ. ಇರಲಿ, ನನಗೇನೂ ತಕರಾರಿಲ್ಲ. ಆದರೆ ಒಂದು ರಾತ್ರಿ ಇವರು ಮಾಸ್ಕ್ ಹಾಕಿಕೊಂಡು ಕೂತಿದ್ದಾಗ, ಬಚ್ಚಲ ಒಲೆಯ ಕೆಂಡ ತುಂಬಿದ ಚಟ್ಟಿ ಹಿಡಿದು, ಮೆಣಸಿನಕಾಯಿ ಉಪ್ಪು ನೀವಾಳಿಸೋಕೆ ಬಾಗಿಲಿಗೇ ಬಂದುಬಿಟ್ಟರು. ಆಕ್ಸಿಜನ್ ಓಡ್ತಾ ಇದೆ, ಎದುರಿಗೆ ಕೆಂಡ! ನಾನು ಕಿರುಚಿದ್ದಕ್ಕೆ ಪಕ್ಕದ ತೋಟದ ನಾಯಿಗಳೆಲ್ಲ ಎದ್ದವು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ಅವರೇ ಕಾವಲು. ಆ ಕೋಣೆ ಕಡೆ ಯಾರಾದರೂ ಬೀಡಿ, ಊದುಬತ್ತಿ ಹಿಡಿದು ಬಂದರೆ ಹೊರಗೇ ನಿಲ್ಲಿಸ್ತಾರೆ. ಎಣ್ಣೆ ಮುಟ್ಟಿದ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಬಾರದು ಅಂತ ಮಗಳಿಗೂ ಪಾಠ ಮಾಡಿದ್ದಾರೆ.

ಇನ್ನು ನೆಂಟರು. “ಒಂದು ಪೆಗ್ ಹಾಕು, ಎಲ್ಲ ಸರಿಹೋಗುತ್ತೆ.” ನಮ್ಮ ಜಿಲ್ಲೆಯಲ್ಲಿ ಗ್ಲಾಸ್ ಬೇಡ ಅನ್ನೋದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ನೋವಿನ ಕಾಲದಲ್ಲಿ ಅರ್ಧ ಪೆಗ್ ಸಾಕು, ಬಹಳಷ್ಟು ಜನರಿಗೆ ಒಂದು ಗಂಟೆಯೊಳಗೆ ದಾಳಿ ಶುರುವಾಗುತ್ತೆ. ಮಜಾ ಏನೆಂದರೆ ಉಳಿದ ತಿಂಗಳು ಕುಡಿದರೆ ಏನೂ ಆಗಲ್ಲ. ಅದಕ್ಕೇ ಯಾರೂ ನಂಬಲ್ಲ. “ಮೇ ತಿಂಗಳಲ್ಲಿ ಕುಡಿದಿದ್ದೆಯಲ್ಲೋ?” ಕುಡಿದಿದ್ದರು ಮಾರಾಯರೇ, ಆಗ ಮೇ ತಿಂಗಳು! ಮೆದುಳಿನ ಆಳದಲ್ಲಿ ನಿದ್ದೆ, ಹಗಲು ರಾತ್ರಿ, ಋತುಗಳ ಲೆಕ್ಕ ಇಡೋ ಹೈಪೋಥಾಲಮಸ್ ಅನ್ನೋ ಜಾಗ ಇದೆ. ನೋವಿನ ಹೊತ್ತಿನಲ್ಲಿ ಅದು ಚುರುಕಾಗೋದನ್ನು 1998ರಲ್ಲೇ ಲಂಡನ್ನಿನ ಸಂಶೋಧಕರು ಸ್ಕ್ಯಾನ್‌ನಲ್ಲಿ ನೋಡಿದ್ದಾರೆ. ಇವರ ನೋವಿಗೆ ಕ್ಯಾಲೆಂಡರ್ ಇರೋದು ಇವರ ನಾಟಕ ಅಲ್ಲ.

ಒಂದು ವಿಷಯ ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಇವರ ಒಪ್ಪಿಗೆ ಪಡೆದೇ ಬರೀತಿದ್ದೀನಿ. ನಮ್ಮ ಕಡೆ ಬಹಳ ಮನೆಗಳ ಹಾಗೆ ನಮ್ಮಲ್ಲೂ ಕೋವಿ ಇದೆ. ಮೂರನೇ ವರ್ಷದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಇವರು ಕೋವಿಯ ಬೀರುವಿನ ಬೀಗದ ಕೈ ತಂದು ನನ್ನ ಎದುರಿಗೆ ಇಟ್ಟು, “ಇದು ನನ್ನ ಹತ್ತಿರ ಬೇಡ” ಅಂದರು. ಅಷ್ಟೇ. ನಾನು ಏನೂ ಕೇಳಲಿಲ್ಲ. ಸಂಜೆ ಕೇಳಿದೆ, ಕೇಳಲೇಬೇಕಿತ್ತು. ಸುತ್ತಿ ಬಳಸದೆ ಕೇಳಿದೆ, ಅವರೂ ಮುಚ್ಚಿಡದೆ ಹೇಳಿದರು. ಮರುದಿನವೇ ಡಾಕ್ಟರಿಗೆ ಫೋನ್ ಮಾಡಿದ್ವಿ. ಈಗ ಪ್ರತಿ ವರ್ಷ ಆ ಎರಡು ತಿಂಗಳು ಬೀಗದ ಕೈ ಅತ್ತೆಯವರ ಸೆರಗಿನ ತುದಿಯಲ್ಲಿ. ಚುನಾವಣೆ ಬಂದಾಗ ಕೋವಿ ಠಾಣೆಗೆ ಕೊಡಲ್ವಾ, ಹಾಗೆ ಅಂದುಕೊಂಡಿದ್ದೀವಿ. ನಿಮ್ಮ ಮನೆಯಲ್ಲೂ ಯಾರಾದರೂ ಅಂಥ ಮಾತು ಆಡಿದರೆ ಹಗುರವಾಗಿ ತಗೋಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಈ ವರ್ಷ ತಡೆಗಟ್ಟೋಕೆ ವೆರಾಪಮಿಲ್ ಶುರುಮಾಡಿದ್ದಾರೆ. ಅದು ಹೃದಯದ ಬಡಿತದ ಮೇಲೂ ಕೆಲಸ ಮಾಡೋ ಮಾತ್ರೆ, ಅದಕ್ಕೆ ಡೋಸ್ ಏರಿಸುವಾಗಲೆಲ್ಲ ಇಸಿಜಿ. ದಿನಕ್ಕೊಂದೆರಡು ಇದ್ದ ದಾಳಿ ಎರಡು ದಿನಕ್ಕೊಂದಕ್ಕೆ ಇಳಿದಿದೆ. ನಾನು ಶಾಲೆಯಿಂದ ಬಂದು ಎಂಟಕ್ಕೇ ಮಲಗಿಬಿಡ್ತೀನಿ, ಹನ್ನೆರಡಕ್ಕೆ ಏಳಬೇಕಲ್ಲ.

ಈ ನೋವು ಸಾವಿರಕ್ಕೆ ಸುಮಾರು ಒಬ್ಬರಿಗೆ ಅಂತಾರೆ. 2011ರ ಜನಗಣತಿಯಲ್ಲಿ ಕೊಡಗಿನ ಜನ ಐದೂವರೆ ಲಕ್ಷ. ಹಾಗಾದರೆ ನಮ್ಮ ಜಿಲ್ಲೆಯಲ್ಲೇ ಐನೂರು ಚಿಲ್ಲರೆ ಮಂದಿ ಇರಬೇಕು. ಇದುವರೆಗೆ ನಮಗೆ ಒಬ್ಬರೂ ಸಿಕ್ಕಿಲ್ಲ. ಎಷ್ಟು ಜನ ಇನ್ನೂ ಸೈನಸ್ ಅಂತ ಹಬೆ ತಗೊಳ್ತಿದ್ದಾರೋ, ಎಷ್ಟು ಹಲ್ಲು ಹೋಗಿದೆಯೋ.

ಇನ್ನೊಂದು. ನಮ್ಮದು ಬಿ ಟೈಪ್ ಸಿಲಿಂಡರ್, 1500 ಲೀಟರ್. ಒಂದು ಸಲಕ್ಕೆ 180 ಲೀಟರ್ ಹೋದರೆ ಎಂಟು ರಾತ್ರಿಗೆ ಖಾಲಿ. ತುಂಬಿಸೋಕೆ ಕಳಿಸಿದಾಗ ಮನೆಯಲ್ಲಿ ಏನೂ ಇರಲ್ಲ. ಕುಶಾಲನಗರ, ಸೋಮವಾರಪೇಟೆ, ಶನಿವಾರಸಂತೆ ಕಡೆ ಯಾರ ಮನೆಯಲ್ಲಾದರೂ ಕೋವಿಡ್ ಕಾಲದ ಸಿಲಿಂಡರ್ ಮೂಲೆಯಲ್ಲಿ ನಿಂತಿದ್ದರೆ ಒಂದು ಮೆಸೇಜ್ ಹಾಕಿ. ಬಾಡಿಗೆಗಾದರೂ ಸರಿ. ಖಾಲಿಯಿದ್ದರೂ ಪರವಾಗಿಲ್ಲ, ಸ್ಪಾನರ್ ನಮ್ಮ ಹತ್ತಿರ ಇದೆ.