ಪುಣ್ಯ ನನ್ನದು, ಖಾತೆ ಕಂಪನಿಯದು

ಕಂಪನಿಯ ಕಾರು ಓಡಿಸುವವರೆಂದರೆ ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದುಕೊಂಡು ಹಳ್ಳ ನೋಡದೆ, ಹಂಪ್ ನೋಡದೆ ನುಗ್ಗಿಸುವವರು ಎಂದು ಜನ ತಿಳಿದಿದ್ದಾರೆ. ನಾನು ಪೀಣ್ಯದ ಒಂದು ಕಂಪನಿಯ ಮಾರಾಟ ವಿಭಾಗದಲ್ಲಿದ್ದವನು. ಅವರು ಕೊಟ್ಟ ಬಿಳಿ ಕಾರಿನಲ್ಲಿ ತುಮಕೂರು, ದಾವಣಗೆರೆ, ಹುಬ್ಬಳ್ಳಿ ಎಂದು ವರ್ಷಗಟ್ಟಲೆ ಸುತ್ತಿದ್ದೇನೆ. ಆ ಕಾರನ್ನು ಓಡಿಸಿದಷ್ಟು ಭಯಭಕ್ತಿಯಿಂದ ಸ್ವಂತ ಸ್ಕೂಟರನ್ನು ಎಂದೂ ಓಡಿಸಿದವನಲ್ಲ. ಕಾರಿನ ಮೇಲಿನ ಮಮತೆ ಅದಕ್ಕೆ ಕಾರಣವಲ್ಲ. ಕಾರಣ, ನಮ್ಮ ಆಡಳಿತ ವಿಭಾಗದವರ ಅಪಘಾತ ವರದಿಯ ಫಾರಂ.

ಅದು ಮೂರು ಪ್ರತಿಗಳಲ್ಲಿ ತುಂಬಬೇಕಾದ ಫಾರಂ. ಎರಡನೆಯ ಪುಟದಲ್ಲಿ ಒಂದು ಖಾಲಿ ಚೌಕ. ಅದರಲ್ಲಿ ರಸ್ತೆಯ ಚಿತ್ರ ಬರೆದು, ನಮ್ಮ ವಾಹನ ಯಾವ ಕಡೆಯಿಂದ ಬಂತು, ಎದುರಿನ ವಾಹನ ಯಾವ ಕಡೆಯಿಂದ ಬಂತು ಎಂದು ಬಾಣ ಹಾಕಿ ತೋರಿಸಬೇಕು. ನನ್ನ ಸಹೋದ್ಯೋಗಿಯೊಬ್ಬರ ಕಾರಿಗೆ ಶಿರಾ ಸಮೀಪ ಎಮ್ಮೆಯೊಂದು ಅಡ್ಡ ಬಂದು, ಬಂಪರಿಗೆ ಒರಸಿಕೊಂಡು, ಏನೂ ಆಗಿಲ್ಲವೆಂಬಂತೆ ಹೋಗಿತ್ತು. ಪ್ರಾಮಾಣಿಕ ಮನುಷ್ಯ, ಎಮ್ಮೆಯ ಚಿತ್ರವನ್ನೇ ಬರೆದಿದ್ದರು. ಕೊಂಬು, ಬಾಲ, ಬಾಣ ಎಲ್ಲವೂ ಇತ್ತು. ಆದರೂ ಕಡತ ಹಿಂದಕ್ಕೆ ಬಂತು: ‘ಎದುರಿನ ವಾಹನದ ನೋಂದಣಿ ಸಂಖ್ಯೆ ನಮೂದಿಸಿಲ್ಲ.’

ಇದನ್ನು ಕಣ್ಣಾರೆ ಕಂಡ ಮೇಲೆ ಕ್ಲೇಮಿನ ಆಸೆಯನ್ನೇ ಬಿಟ್ಟೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಟೋ ಒಂದು ಎಡಬಾಗಿಲಿಗೆ ಗೀರು ಎಳೆದು ಹೋದಾಗ ಕೈಯಿಂದಲೇ ದುಡ್ಡು ಕೊಟ್ಟು ಬಣ್ಣ ಹಚ್ಚಿಸಿದೆ. ಮಾಲ್ ಒಂದರ ನೆಲಮಾಳಿಗೆಯಲ್ಲಿ ಯಾರೋ ಹಿಂದಿನ ದೀಪ ಒಡೆದು ಮಾಯವಾದಾಗಲೂ ಜೇಬಿಗೇ ಕೈ ಹಾಕಿದೆ. ಹೀಗೆ ಕಾರಿನ ವಿಮೆಯ ದಾಖಲೆ ಗಂಗಾಜಲದಷ್ಟು ನಿರ್ಮಲವಾಗಿ ಉಳಿಯಿತು.

ಕೆಲಸ ಬಿಡುವಾಗ ಕಂಪನಿಯ ನಿಯಮದ ಪ್ರಕಾರ ಕಾರನ್ನು ಪುಸ್ತಕ ಬೆಲೆಗೆ, ಅಂದರೆ ಸವಕಳಿ ಕಳೆದು ಕಂಪನಿಯ ಲೆಕ್ಕದಲ್ಲಿ ಉಳಿದಿದ್ದ ಬೆಲೆಗೆ, ನಾನೇ ಕೊಂಡೆ. ಫಾರಂ 29, ಫಾರಂ 30 ಎಂದು ಆರ್‌ಟಿಒ ವಿಧಿಗಳನ್ನು ಮುಗಿಸಿ, ಆರ್‌ಸಿಯಲ್ಲಿ ನನ್ನ ಹೆಸರು ಮೂಡಿತು. ಮಾಲೀಕತ್ವ ಬದಲಾದ 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕಂಪನಿ ಕಟ್ಟಿದ್ದ ಪಾಲಿಸಿಯ ಅವಧಿಯೂ ಮುಗಿಯುತ್ತ ಬಂದಿತ್ತು. ಸರಿ, ಒಂದು ಭಾನುವಾರ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಮೊಬೈಲಿನಲ್ಲೇ ವಿಮೆ ಮಾಡಿ ಮುಗಿಸೋಣವೆಂದು ಕುಳಿತೆ.

ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ? ಇಲ್ಲ. ಅಲ್ಲಿಗೆ ಪರದೆಯ ಮೇಲೆ ಐವತ್ತು ಶೇಕಡಾ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಮಿಂಚಿತು. ನನಗೂ ಹೆಮ್ಮೆ. ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 20, ಆಮೇಲೆ 25, 35, 45, ಸತತ ಐದು ವರ್ಷ ಸುಮ್ಮನಿದ್ದರೆ 50. ಅದಕ್ಕಿಂತ ಮೇಲೆ ಸ್ವರ್ಗವಿಲ್ಲ. ಮುಂದಿನ ಪ್ರಶ್ನೆ: ಮಾಲೀಕತ್ವ ಬದಲಾಗಿದೆಯೇ? ಹೌದು ಎಂದು ಒತ್ತಿದೆ. ಐವತ್ತು ಸೊನ್ನೆಯಾಯಿತು. ಅಲ್ಲ ಎಂದು ಒತ್ತಿದ್ದರೆ ಉಳಿಯುತ್ತಿತ್ತೇನೋ, ಆದರೆ ಸುಳ್ಳು ಹೇಳಿ ಪಡೆದ ಪಾಲಿಸಿ ಕ್ಲೇಮಿನ ದಿನ ಕೈಕೊಡುತ್ತದೆ.

ಸಹಾಯವಾಣಿಗೆ ಫೋನು ಮಾಡಿದೆ. ವೀಣೆ ನುಡಿಸಿ, ನನ್ನ ಕರೆ ಅವರಿಗೆ ಅಮೂಲ್ಯವೆಂದು ಹಲವು ಸಲ ತಿಳಿಸಿದ ಬಳಿಕ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು.

“ಸಾರ್, ಬೋನಸ್ ಕಾರಿಗಲ್ಲ, ಮಾಲೀಕರಿಗೆ. ನಿಮ್ಮ ಹೆಸರಿನಲ್ಲಿ ಯಾವ ಪಾಲಿಸಿಯೂ ಇರಲಿಲ್ಲ.”

“ಆದರೆ ಕಾರು ಓಡಿಸಿದವನು ನಾನೇ ಅಲ್ಲವೇನಮ್ಮ? ಕಂಪನಿಗೆ ಕೈಕಾಲು ಇದೆಯೇ?”

“ಅರ್ಥವಾಗುತ್ತದೆ ಸಾರ್. ಬೇರೆ ಏನಾದರೂ ಸಹಾಯ ಬೇಕೇ?”

ಅಂದರೆ ಉಪವಾಸ ಮಾಡಿದವನು ನಾನು, ಪುಣ್ಯ ಜಮೆಯಾದದ್ದು ಕಂಪನಿಯ ಖಾತೆಗೆ. ಇನ್ನೊಂದು ಸಂಗತಿಯೂ ಆಗ ಹೊಳೆಯಿತು. ಕಾರಿನ ಸಿಸಿ ಎಷ್ಟು, ವಯಸ್ಸೆಷ್ಟು, ಊರು ಯಾವುದು ಎಂದು ಎಲ್ಲರೂ ಕೇಳಿದರು. ಬೆಂಗಳೂರು ‘ಎ’ ವಲಯವಾದ್ದರಿಂದ ದರ ಸ್ವಲ್ಪ ಜಾಸ್ತಿ ಎಂದೂ ಹೇಳಿದರು. ನೀನು ಕಾರನ್ನು ಹೇಗೆ ಓಡಿಸುತ್ತೀಯಪ್ಪ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಬಹಳ ಇತ್ತು.

ನಮ್ಮ ಬಡಾವಣೆಯಲ್ಲಿ ಹಳೆಯ ಕಾಲದ ವಿಮಾ ಏಜೆಂಟರೊಬ್ಬರಿದ್ದಾರೆ. ಬೆಳಗಿನ ವಾಕಿಂಗಿನಲ್ಲಿ ಅವರನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ, ನಾನೂ ಬದಲಿಸುತ್ತಿದ್ದೆ. ಈ ಸಲ ನಾನೇ ಹುಡುಕಿಕೊಂಡು ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ, “ಮೋಟಾರು ಟ್ಯಾರಿಫ್ ಎಂಬ ವಾಹನ ವಿಮೆಯ ನಿಯಮಾವಳಿಯಲ್ಲಿ ಇದಕ್ಕೆಂದೇ ಒಂದು ನಿಯಮವಿದೆ ಸಾರ್, ಯಾರೂ ಓದುವುದಿಲ್ಲ” ಎಂದರು. ಸಂಸ್ಥೆಯ ಹೆಸರಿನ ಕಾರನ್ನು ಒಬ್ಬ ನೌಕರನಿಗೆ ವಹಿಸಿ, ಅವನೊಬ್ಬನೇ ಅದನ್ನು ಓಡಿಸಿದ್ದು, ಕೊನೆಗೆ ಕಾರು ಅವನ ಹೆಸರಿಗೇ ಬಂದರೆ, ಆ ಅವಧಿಯ ಬೋನಸ್ ಅವನಿಗೇ ಸಲ್ಲಬೇಕು. ಹಾಗೆಂದು ದೃಢೀಕರಿಸಿ ಕಂಪನಿ ಒಂದು ಪತ್ರ ಕೊಡಬೇಕು, ಅಷ್ಟೆ.

ಆ ‘ಅಷ್ಟೆ’ಯ ಆಳ ತಿಳಿದದ್ದು ಆಮೇಲೆ. ಮಾನವ ಸಂಪನ್ಮೂಲ ವಿಭಾಗಕ್ಕೆ ‘ನೋ ಕ್ಲೇಮ್ ಬೋನಸ್ ಕುರಿತು’ ಎಂಬ ವಿಷಯ ಬರೆದು ಇಮೇಲ್ ಕಳಿಸಿದೆ. ಅಲ್ಲಿ ಯಾರೋ ಬೋನಸ್ ಎಂಬುದನ್ನಷ್ಟೇ ಓದಿ ಸಂಬಳ ವಿಭಾಗಕ್ಕೆ ಸಾಗಹಾಕಿದರು. ಅಲ್ಲಿಂದ ಉತ್ತರ ಬಂತು: ‘ರಾಜೀನಾಮೆ ನೀಡಿದ ನೌಕರರಿಗೆ ಈ ಸಾಲಿನ ಬೋನಸ್ ಅನ್ವಯಿಸುವುದಿಲ್ಲ. ನೀವು ಕ್ಲೇಮ್ ಮಾಡುವುದಿಲ್ಲ ಎಂದು ತಿಳಿಸಿರುವುದಕ್ಕೆ ಧನ್ಯವಾದಗಳು.’

ಫೋನಿನಲ್ಲಿ ವಿವರಿಸಿದ ಮೇಲೆ ಪತ್ರವೇನೋ ಬಂತು. ದಪ್ಪ ಕಾಗದ, ಮೊಹರು, ಸಹಿ ಎಲ್ಲ ಇತ್ತು. ನಾನು ಶ್ರಮಜೀವಿ, ಸದ್ಗುಣಿ, ನನ್ನ ಮುಂದಿನ ಜೀವನಕ್ಕೆ ಶುಭವಾಗಲಿ ಎಂದಿತ್ತು. ಕಾರಿನ ಸುದ್ದಿಯೇ ಇಲ್ಲ. ಏಜೆಂಟರು ಅದನ್ನು ಓದಿ, “ಹೆಣ್ಣು ನೋಡಲು ಹೋಗುವುದಾದರೆ ಬಹಳ ಚೆನ್ನಾಗಿದೆ” ಎಂದರು.

ಕೊನೆಗೆ ಅವರೇ ಒಕ್ಕಣೆ ಹೇಳಿ ಬರೆಸಿದರು. ಇಂಥ ಸಂಖ್ಯೆಯ ಕಾರನ್ನು ಇಂಥ ದಿನದಿಂದ ಇಂಥ ದಿನದವರೆಗೆ ಇವರಿಗೆ ವಹಿಸಲಾಗಿತ್ತು, ಇವರ ಹೊರತು ಬೇರಾರೂ ಓಡಿಸಿರುವುದಿಲ್ಲ. ಇದನ್ನು ನೋಡಿದ ಆಡಳಿತ ವಿಭಾಗದವರಿಗೆ ಹೊಸ ಅನುಮಾನ: “ಭಾನುವಾರಗಳಂದು ಮನೆಯವರು ಓಡಿಸಿರಬಹುದಲ್ಲವೇ ಸಾರ್? ನಾವು ಹೇಗೆ ಸಹಿ ಹಾಕುವುದು?” ಓಡಿಸಿಲ್ಲ ಎಂದು ನಾನು ಪ್ರತ್ಯೇಕವಾಗಿ ಬರೆದುಕೊಟ್ಟೆ. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಎಂದರೆ ಏನೆಂದು ಆ ದಿನಗಳಲ್ಲಿ ಚೆನ್ನಾಗಿ ತಿಳಿಯಿತು.

ಪತ್ರ ಸಿಕ್ಕಿದ ಸಂಜೆ ಹೆಂಡತಿಗೆ ತೋರಿಸಿದೆ. ಅವಳ ಬಳಿ ಲೈಸೆನ್ಸ್ ಇದೆ, ನನಗಿಂತ ಮೊದಲೇ ಪಡೆದದ್ದು. ನಿಧಾನವಾಗಿ ಓದಿ, “ಇದಕ್ಕೆ ಚೌಕಟ್ಟು ಹಾಕಿಸಿ” ಎಂದಳು. “ಇಷ್ಟು ವರ್ಷ ನನಗೆ ಒಂದು ದಿನವೂ ಕೀ ಕೊಡಲಿಲ್ಲ ಎಂದು ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಈಗ ಮೊಹರು ಹಾಕಿದ ಕಾಗದವೇ ಇದೆಯಲ್ಲ.”

ಮುಂದಿನದು ಪಾಲಿಸಿಯ ಲೆಕ್ಕ. ನನ್ನ ಕಾರು ಸಾವಿರದ ಇನ್ನೂರರ ಆಸುಪಾಸಿನ ಸಿಸಿಯದು. ಆ ವರ್ಗಕ್ಕೆ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ, ವಾರ್ಷಿಕ ದರ 3,416 ರೂಪಾಯಿ, 2022ರ ಜೂನ್‌ನಲ್ಲಿ ನಿಗದಿಯಾದದ್ದು. ಇಷ್ಟು ಪಾಡುಪಟ್ಟು ತಂದ ಬೋನಸ್ ಈ ಮೊತ್ತದ ಒಂದು ಕಾಸನ್ನೂ ಮುಟ್ಟುವುದಿಲ್ಲ. ನಮ್ಮ ಕಾರಿಗೇ ಆಗುವ ಹಾನಿಯ ಭಾಗಕ್ಕೆ ಮಾತ್ರ ಅದರ ರಿಯಾಯಿತಿ. ಎಲ್ಲದರ ಮೇಲೆ ಶೇ. 18ರ ಜಿಎಸ್‌ಟಿ. ಐದು ವರ್ಷ ದಾಟಿದ ಕಾರಿನ ಬೆಲೆಯನ್ನು ವಿಮಾ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿ ತೀರ್ಮಾನಿಸಬೇಕಂತೆ. ಅವರು ಒಂದು ಸಂಖ್ಯೆ ಹೇಳಿದರು, ನಾನು ಪರಸ್ಪರ ಒಪ್ಪಿದೆ.

ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕೇ ಎಂದರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಕಾರುಗಳು ನೀರಿನಲ್ಲಿ ಮುಳುಗಿ ನಿಂತಿದ್ದನ್ನು ಟಿವಿಯಲ್ಲಿ ನೋಡುವಾಗ ನನ್ನದು ಕಂಪನಿಯ ಕಾರು, ಚಕ್ಕುಲಿ ತಿನ್ನುತ್ತಾ ನೋಡಿದ್ದೆ. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಹೋಗಿ ಕೆಡಿಸಿಕೊಂಡರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ ಎಂದು ಏಜೆಂಟರು ಹೇಳಿದ ಕೂಡಲೇ, ಹಾಕಿಬಿಡಿ ಎಂದೆ.

ಆಮೇಲೆ ಬಂತು ನಾಮಿನಿಯ ಕಾಲಂ. ಮಾಲೀಕನೇ ಚಾಲಕನಾಗಿದ್ದರೆ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಕಂಪನಿಗೆ ಡ್ರೈವಿಂಗ್ ಲೈಸೆನ್ಸ್ ಇರುವುದಿಲ್ಲವಾದ್ದರಿಂದ ಅದರ ಕಾರಿಗೆ ಈ ತಲೆಬಿಸಿ ಇರಲಿಲ್ಲ. ಅಷ್ಟು ವರ್ಷ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಾಡುವಾಗ, ನಾನು ಹೋದರೆ ದುಡ್ಡು ಯಾರಿಗೆ ಎಂದು ಆ ಕಾರಿನ ಪಾಲಿಸಿ ಕೇಳಿರಲಿಲ್ಲ. ತರಕಾರಿ ತರಲು ಯಶವಂತಪುರಕ್ಕೆ ಹೋಗುವ ಸ್ಥಿತಿಗೆ ಬಂದ ಮೇಲೆ ಅದೇ ಮುಖ್ಯ ಪ್ರಶ್ನೆ.

“ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ ಬರೆಯಿರಿ” ಎಂದಳು ಹೆಂಡತಿ ಅಡುಗೆಮನೆಯಿಂದ. “ಆಮೇಲೆ ನಾನು ಅಲೆಯಬೇಕಾಗುತ್ತದೆ.”

ಪಾಲಿಸಿ ಬಂತು, ಐವತ್ತು ಶೇಕಡಾ ಬೋನಸ್ ಸಮೇತ. ಬಂದ ಕೆಲವೇ ದಿನಗಳಲ್ಲಿ, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನ ಬಂಪರಿಗೆ ಯಾರೋ ಸ್ಕೂಟರಿನ ಸ್ಟ್ಯಾಂಡ್ ತಗುಲಿಸಿ ಉದ್ದ ಗೀರು ಎಳೆದಿದ್ದರು. ಈಗ ಫಾರಂ ಇಲ್ಲ, ಬಾಣವಿಲ್ಲ, ಮೊಬೈಲಿನಲ್ಲೇ ಕ್ಲೇಮ್ ಮಾಡಬಹುದು. ಉತ್ಸಾಹದಿಂದ ಏಜೆಂಟರಿಗೆ ಫೋನು ಮಾಡಿದೆ.

“ದಮ್ಮಯ್ಯ ಎನ್ನುತ್ತೇನೆ, ಕ್ಲೇಮ್ ಮಾಡಬೇಡಿ ಸಾರ್” ಎಂದರು. ರಿಪೇರಿಯ ಮೊದಲ ಸಾವಿರ ರೂಪಾಯಿ ಹೇಗೂ ನನ್ನ ಕೈಯಿಂದಲೇ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ, ಬದಲಿಸಿದರೆ ಸವಕಳಿಯ ಲೆಕ್ಕದಲ್ಲಿ ಅರ್ಧ ಬೆಲೆ ಕಡಿತ. ಇಷ್ಟರ ಮೇಲೆ ಮುಂದಿನ ವರ್ಷ ಐವತ್ತು ಮತ್ತೆ ಸೊನ್ನೆ.

ಬಿಡಿಭಾಗಗಳ ಅಂಗಡಿಗೆ ಹೋಗಿ ಗೀರಿಗೆ ಹಚ್ಚುವ ಬಿಳಿ ಬಣ್ಣದ ಸಣ್ಣ ಸೀಸೆ ಕೇಳಿದೆ. ಅಂಗಡಿಯವನು ಹೊರಗೆ ನಿಂತಿದ್ದ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಿಲ್ ಪುಸ್ತಕ ಬಿಡಿಸಿ, “ಕಂಪನಿ ಕಾರಲ್ಲವೇ ಸಾರ್? ಎಷ್ಟಕ್ಕೆ ಬಿಲ್ ಹಾಕಲಿ?” ಎಂದ.

ಸ್ವಂತದ್ದು ಎಂದೆ.

“ಹೌದೇ” ಎಂದು ಪುಸ್ತಕ ಮುಚ್ಚಿಟ್ಟ.